ಇಪ್ಪತ್ತೊಂದು ತುಂಬುವವರೆಗೆ

ಮಸ್ಕತ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಮಾಲ್‌ನ ಮೇಲಂತಸ್ತಿನಲ್ಲಿ ಮಕ್ಕಳ ಆಟದ ಜಾಗವೊಂದಿತ್ತು. ಮಕ್ಕಳನ್ನು ಕರೆತರದ ಗಂಡಸರಿಗೆ ಪ್ರವೇಶವಿಲ್ಲ ಎಂದು ಅದರ ಬಾಗಿಲಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದರು. ಮಗಳು ಚಿಕ್ಕವಳಿದ್ದಾಗ ಶುಕ್ರವಾರ ಸಂಜೆ ನಾವು ಮೂವರೂ ಅಲ್ಲಿಗೆ ಹೋಗುತ್ತಿದ್ದೆವು. ಅವಳು ಡಿಕ್ಕಿ ಹೊಡೆಯುವ ಕಾರುಗಳ ಕಡೆ ಓಡಿದರೆ ನನ್ನ ಗಂಡ ಒಂದು ಯಂತ್ರದ ಮುಂದೆ ಹೋಗಿ ನಿಲ್ಲುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಬಿಲ್ಲೆಗಳ ರಾಶಿ. ಅಂಚಿನಲ್ಲಿ ಇನ್ನೇನು ಬಿದ್ದೇ ಬಿಡುತ್ತವೆ ಅನ್ನುವ ಹಾಗೆ ವಾಲಿಕೊಂಡ ಒಂದಿಷ್ಟು. ಮೇಲಿಂದ ಒಂದು ಬಿಲ್ಲೆ ಹಾಕಿದರೆ ಒಳಗಿನ ಹಲಗೆ ಮುಂದಕ್ಕೆ ತಳ್ಳುತ್ತದೆ. ಬಿದ್ದಷ್ಟಕ್ಕೆ ಕಾಗದದ ಟಿಕೆಟ್ ಬರುತ್ತದೆ, ಟಿಕೆಟ್ ಕೊಟ್ಟರೆ ಕೌಂಟರಿನಲ್ಲಿ ಪ್ಲಾಸ್ಟಿಕ್ ಬಾಚಣಿಗೆಯೋ ಪೆನ್ಸಿಲ್ಲೋ ಕೊಡುತ್ತಾರೆ. ನಮ್ಮ ಮನೆಯಲ್ಲಿ ಆಗ ಎಷ್ಟು ಬಾಚಣಿಗೆಗಳಿದ್ದವೆಂದರೆ, ಬಂದವರೆಲ್ಲ ಇವರು ಬಾಚಣಿಗೆಯ ಏಜೆನ್ಸಿ ತೆಗೆದುಕೊಂಡಿದ್ದಾರೋ ಎಂದು ಕೇಳುತ್ತಿದ್ದರು.

ಒಂದು ಶುಕ್ರವಾರ ಮಗಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಗಾರ್ಡ್ ಇವರ ಪಕ್ಕ ನಿಂತು ಮಗು ಎಲ್ಲಿ ಎಂದು ಕೇಳುತ್ತಿದ್ದ. ಇವರು ಅವನ ಮುಖವನ್ನೂ ನೋಡದೆ, ಬರ್ತಾ ಇದೆ, ಬರ್ತಾ ಇದೆ ಅನ್ನುತ್ತ ಬಿಲ್ಲೆ ಹಾಕುತ್ತಲೇ ಇದ್ದರು. ನಮ್ಮನ್ನು ಕಂಡವರೇ ಮಗಳ ಕೈ ಹಿಡಿದು ಎಳೆದು ಯಂತ್ರದ ಪಕ್ಕ ನಿಲ್ಲಿಸಿಕೊಂಡರು. ಗಾರ್ಡ್ ನಕ್ಕು ಹೋದ. ನಾನೂ ನಕ್ಕೆ. ಮಗಳು ಮಾತ್ರ ತನ್ನ ಕಾರು ಬೇರೆಯವರ ಪಾಲಾಯಿತಲ್ಲ ಎಂದು ಅಳುತ್ತಿದ್ದಳು.

ಈ ಮನುಷ್ಯ ಎಂಥವರು ಎಂದು ಹೇಳದಿದ್ದರೆ ಮುಂದಿನದೆಲ್ಲ ಸುಳ್ಳು ಅನಿಸೀತು. ಮೈಸೂರಿನವರು, ನನ್ನ ಹಾಗೆಯೇ. ಮಸ್ಕತ್‌ನ ಘಾಲಾದಲ್ಲಿ ಏಸಿ ಬಿಡಿಭಾಗಗಳ ಗೋಡೌನಿನಲ್ಲಿ ಸ್ಟೋರ್ಸ್ ಮ್ಯಾನೇಜರ್. ರಸ್ತೆಯಲ್ಲಿ ಒಂದು ಒಂಟೆಯೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವವರು. ಕಾರಿಗೆ ಧೂಳು ಮೆತ್ತಿದರೆ ದಂಡ ಹಾಕುತ್ತಾರೆಂದು ಬುಧವಾರಕ್ಕೊಮ್ಮೆ ತೊಳೆಸುವವರು. ಇಷ್ಟು ವರ್ಷದಲ್ಲಿ ತನ್ನ ಮೇಲೆ ಒಂದೇ ಒಂದು ಫೈನ್ ಇಲ್ಲ ಎನ್ನುವುದು ಇವರ ದೊಡ್ಡ ಹೆಮ್ಮೆ. ಒಮಾನಿನಲ್ಲಿ ಜೂಜು ಎಂಬುದಕ್ಕೆ ಜಾಗವೇ ಇಲ್ಲ. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದು ವರ್ಷಗಳು ಕಳೆದರೂ ಇವರೊಳಗೆ ಅದೊಂದು ಮೂಲೆಯಿದೆ ಎಂದು ನನಗೆ ತಿಳಿಯಲಿಲ್ಲ. ಇವರಿಗೂ ತಿಳಿದಿರಲಿಲ್ಲವೇನೋ.

ಮಗಳಿಗೆ ಎಂಟು ವರ್ಷವಾದಾಗ, ರಜೆಗೆ ಹೋಗುವಾಗ ಬೆಂಗಳೂರಿಗೆ ನೇರ ಹೋಗುವುದು ಬೇಡ, ಗೋವಾಕ್ಕೆ ಇಳಿದು ಎರಡು ದಿನ ಸಮುದ್ರ ನೋಡಿಕೊಂಡು ರೈಲು ಹತ್ತೋಣ ಅಂದರು. ಸಮುದ್ರ ಇಲ್ಲೇ ಇದೆ, ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ, ಬೇಕಾದರೆ ದಿನಾ ನೋಡಿ ಎಂದು ನಾನು ಹೇಳಿದೆ. ಆದರೂ ಟಿಕೆಟ್ ಆಗಿಬಿಟ್ಟಿತ್ತು. ಆಫೀಸಿನ ಯಾರೋ ಅಲ್ಲಿಯ ನದಿಯಲ್ಲಿ ನಿಲ್ಲಿಸಿದ ಕ್ಯಾಸಿನೋ ಹಡಗುಗಳ ಸುದ್ದಿ ಹೇಳಿದ್ದರು. ಒಮ್ಮೆ ನೋಡಿ ಬರೋಣ, ಎಲ್ಲರೂ ನೋಡ್ತಾರೆ ಅಂದರು.

ಹಡಗಿನ ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳಿದರು. ಇಪ್ಪತ್ತೊಂದು ವರ್ಷ ತುಂಬದವರು ಆಟದ ಅಂತಸ್ತಿಗೆ ಹೋಗುವ ಹಾಗಿಲ್ಲ ಎಂಬ ಫಲಕ ಅಲ್ಲೇ ಇತ್ತು. ನಮ್ಮವರು ಅದನ್ನು ಮೊದಲಿಂದ ಕೊನೆಯವರೆಗೆ ಓದಿ ಮೆಚ್ಚಿ ತಲೆಯಾಡಿಸಿದರು. ಒಳ್ಳೇ ರೂಲು, ಮಕ್ಕಳು ಇಂಥದ್ದನ್ನೆಲ್ಲ ನೋಡಬಾರದು ಅಂದರು. ಹಾಗಾದರೆ ಹಿಂದಿರುಗೋಣ ಎಂದು ನಾನು ಹೊರಟರೆ, ಅದಕ್ಕೂ ವ್ಯವಸ್ಥೆಯಿತ್ತು. ಕೆಳಗಿನ ಅಂತಸ್ತಿನಲ್ಲಿ ಮಕ್ಕಳಿಗೇ ಒಂದು ಕೋಣೆ. ಬಣ್ಣದ ಚೆಂಡುಗಳು, ಟೀವಿಯಲ್ಲಿ ಕಾರ್ಟೂನು, ನೋಡಿಕೊಳ್ಳಲು ಇಬ್ಬರು ಹುಡುಗಿಯರು. ಹನ್ನೆರಡು ವರ್ಷದವರೆಗಿನ ಮಕ್ಕಳನ್ನು ಅಲ್ಲಿ ಬಿಟ್ಟು ಅಪ್ಪ ಅಮ್ಮ ಮೇಲೆ ಹೋಗಬಹುದು. ಮಗುವಿಗೆ ಏನಾದರೂ ತೊಂದರೆಯಾದರೆ ಮೇಲಕ್ಕೆ ಹೇಳಿ ಕಳುಹಿಸುತ್ತಾರೆ.

ನಾನೂ ಮೇಲೆ ಹೋದೆ. ಏಸಿಯ ಚಳಿ, ಸಿಗರೇಟಿನ ಹೊಗೆ, ಯಾರ ಮುಖದಲ್ಲೂ ನಗುವಿಲ್ಲ. ಅಷ್ಟು ಜನ ಸೇರಿ ಒಂದು ಆಟ ಆಡುತ್ತಿದ್ದರೂ ಒಬ್ಬರಾದರೂ ನಗಬಾರದೆ ಎಂದು ಬೇಸರವಾಗಿ ಇಳಿದು ಬಂದು ಮಕ್ಕಳ ಕೋಣೆಯ ಹೊರಗೆ ಕುರ್ಚಿ ಹಾಕಿಸಿಕೊಂಡೆ. ಗಾಜಿನ ಗೋಡೆಯಾಚೆ ಮಗಳು ಕೊಟ್ಟಿದ್ದನ್ನೆಲ್ಲ ತಿನ್ನುತ್ತ ಕಾರ್ಟೂನು ನೋಡುತ್ತಿದ್ದಳು. ತಿಂದದ್ದು ಹೆಚ್ಚಾಗಿ ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಹುಡುಗಿಯರು ಮೇಲಕ್ಕೆ ಹೇಳಿ ಕಳುಹಿಸಿದರು. ಇವರು ಓಡಿ ಬಂದರು, ನಿಜವಾಗಿ ಓಡಿ. ಅವಳನ್ನು ಎತ್ತಿಕೊಂಡವರು ಮತ್ತೆ ಮೇಲಕ್ಕೆ ಹೋಗಲೇ ಇಲ್ಲ. ಆ ಸಂಜೆಯೆಲ್ಲ ನದಿಯ ದಂಡೆಯಲ್ಲಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು, ಅವಳು ಗುಣವಾದ ಮೇಲೆ ಐಸ್‌ಕ್ರೀಮ್ ಕೊಡಿಸಿದರು. ನನಗೆ ಇವರ ಮೇಲೆ ತುಂಬ ಪ್ರೀತಿ ಬಂದ ಸಂಜೆಗಳಲ್ಲಿ ಅದೂ ಒಂದು.

ಮರುವರ್ಷವೂ ಗೋವಾ. ಅದರ ಮರುವರ್ಷವೂ. ಎಲ್ಲರೂ ರಜೆಯನ್ನು ಊರಿಗೆಂದು ಕೂಡಿಡುತ್ತಾರೆ. ನಮ್ಮ ರಜೆಯ ಮೊದಲ ಎರಡು ದಿನ ಹಡಗಿಗೆ ಹೋಯಿತು. ಊರಿಗೆಂದು ಎತ್ತಿಟ್ಟ ಹಣದ ಬಹುಪಾಲೂ ಅದರ ಜೊತೆಗೆ ಹೋಗುತ್ತಿತ್ತು. ಅತ್ತೆ ಮನೆಗೆ ತಲುಪುವಾಗ ಇವರು ಹತ್ತು ದಿನ ಜ್ವರದಲ್ಲಿ ಮಲಗಿ ಎದ್ದವರ ಹಾಗಿರುತ್ತಿದ್ದರು. ಪ್ರಯಾಣದ ಸುಸ್ತು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಎರಡನೇ ಸಲ ಮಕ್ಕಳ ಕೋಣೆಗೆ ಹೋದ ಸ್ವಲ್ಪ ಹೊತ್ತಿಗೇ ಮಗಳಿಗೆ ಹೊಟ್ಟೆನೋವು ಬಂತು. ಇವರು ಇಳಿದು ಬಂದರು. ಎತ್ತಿಕೊಂಡು ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ಮಗಳು ಒಂದು ಪ್ಲೇಟ್ ನೂಡಲ್ಸ್ ಖಾಲಿ ಮಾಡಿದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ಶಾಲೆಯ ಇಂಗ್ಲಿಷಿನಲ್ಲಿ, "ಇಟ್ ವರ್ಕ್ಸ್ ಅಮ್ಮಾ" ಅಂದಳು. ಒಂಬತ್ತು ವರ್ಷದ ಮಗು. ನನಗೆ ನಗು ಬಂತು. ಬೈಯಲಿಲ್ಲ. ಸುಳ್ಳು ಹೇಳಬಾರದು ಎಂದು ಹೇಳುವ ಧೈರ್ಯ ನನಗೆಲ್ಲಿತ್ತು, ಆ ಸುಳ್ಳಿನಿಂದಲೇ ಅಲ್ಲವೇ ಇವರು ನಮ್ಮ ಜೊತೆ ಕೂತು ಊಟ ಮಾಡುತ್ತಿದ್ದದ್ದು.

ಆಮೇಲಿನ ವರ್ಷಗಳಲ್ಲಿ ಅವಳು ಅದನ್ನು ತನ್ನ ಕೆಲಸವೆಂದೇ ಹಚ್ಚಿಕೊಂಡಳು. ಹೊಟ್ಟೆನೋವು ಹಳತಾಯಿತೆಂದು ಕಿವಿನೋವು, ಕಿವಿನೋವು ಸಾಲದೆಂದು ತಲೆಸುತ್ತು. ಅಪ್ಪ ಇಳಿದು ಬರುವ ಮೆಟ್ಟಿಲನ್ನೇ ನೋಡುತ್ತ ಗಾಜಿಗೆ ಹಣೆ ಒತ್ತಿ ನಿಂತಿರುತ್ತಿದ್ದಳು. ಕಂಡೊಡನೆ ಮುಖ ಬಾಡಿಸಿಕೊಳ್ಳುತ್ತಿದ್ದಳು. ಇವರು ಪ್ರತಿ ಸಲವೂ ಬರುತ್ತಿದ್ದರು. ಮಸ್ಕತ್‌ಗೆ ಬಂದ ಮೇಲೆ ಅವಳನ್ನು ಡಾಕ್ಟರ ಹತ್ತಿರ ತೋರಿಸಬೇಕು, ಈ ಮಗುವಿಗೆ ಪ್ರಯಾಣ ಒಗ್ಗುವುದಿಲ್ಲ ಅನ್ನುತ್ತಿದ್ದರು. ತೋರಿಸಿದ್ದೂ ಉಂಟು. ಡಾಕ್ಟರು ಎಲ್ಲ ಸರಿಯಿದೆ ಎಂದು ಟಾನಿಕ್ ಬರೆದುಕೊಟ್ಟರು, ಮಗಳು ಮುಖ ಕಿವುಚಿಕೊಂಡು ಅದನ್ನೂ ಕುಡಿದಳು.

ಹದಿಮೂರಕ್ಕೆ ಬಿದ್ದಾಗ ಕಷ್ಟ ಶುರುವಾಯಿತು. ಮಕ್ಕಳ ಕೋಣೆಗೆ ಅವಳು ದೊಡ್ಡವಳು, ಮೇಲಿನ ಅಂತಸ್ತಿಗೆ ಚಿಕ್ಕವಳು. ಅವಳ ವಯಸ್ಸಿನವರಿಗೆ ಆ ಹಡಗಿನಲ್ಲಿ ಎಲ್ಲೂ ಜಾಗವಿರಲಿಲ್ಲ. ನೀವಿಬ್ಬರೂ ಹೋಟೆಲಿನಲ್ಲೇ ಇರಿ ಎಂದು ಇವರು ಒಬ್ಬರೇ ಹೋಗತೊಡಗಿದರು. ಮಗಳು ಕೋಣೆಯಿಂದ ಫೋನು ಮಾಡುತ್ತಿದ್ದಳು. ಅಲ್ಲಿ ಫೋನು ಸದ್ದು ಮಾಡುವ ಹಾಗಿಲ್ಲವಂತೆ. ಒಂದು ಸಲ ಅವಳು ಟೀವಿಯನ್ನೂ ಹಾಕದೆ ಮಂಚದ ತುದಿಯಲ್ಲಿ ಕೂತು ಫೋನನ್ನೇ ನೋಡುತ್ತಿದ್ದಳು. ನಾನು ಊಟಕ್ಕೆ ಕರೆದರೆ, ಅಪ್ಪ ಕಾಲ್ ಮಾಡಿದರೆ ತನಗೆ ಜ್ವರವೆಂದೇ ಹೇಳಬೇಕು, ಇಬ್ಬರೂ ಒಂದೇ ಹೇಳಬೇಕು ಎಂದು ನನಗೆ ಪಾಠ ಹೇಳಿಕೊಟ್ಟಳು. ಕಾಲ್ ಬರಲಿಲ್ಲ.

ಆ ವರ್ಷ ಮಸ್ಕತ್‌ಗೆ ಮರಳಿದ ಮೇಲೆ ನಾನು ಇವರನ್ನು ಕೂರಿಸಿಕೊಂಡು ಮಾತಾಡಿದೆ. ಇವರು ಜಗಳವಾಡುವವರಲ್ಲ. ತಲೆ ತಗ್ಗಿಸಿ ಕೇಳಿದರು. ಹನ್ನೊಂದು ತಿಂಗಳು ಕತ್ತೆ ಹಾಗೆ ದುಡೀತೀನಿ, ಕುಡಿಯಲ್ಲ, ಸಿಗರೇಟಿಲ್ಲ, ವರ್ಷಕ್ಕೆ ಎರಡೇ ದಿನ ಅಲ್ವಾ ಅಂದರು. ವರ್ಷಕ್ಕೆ ಎರಡೇ ದಿನ ಕಚ್ಚುತ್ತೆ ಅಂತ ಯಾರಾದರೂ ಹಾವನ್ನ ಮನೇಲಿ ಸಾಕ್ತಾರಾ ಎಂದು ಕೇಳಿದೆ. ಇವರು ಎದ್ದು ಹೋಗಿ ಮಗಳ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿದರು.

ನನಗೆ ಆಗ ಹೊಳೆದದ್ದು ಒಂದೇ ದಾರಿ. ಈ ದೇಶದಿಂದ ಹೊರಗೆ ಕಾಲಿಡದಿದ್ದರೆ ಆಯಿತು. ನಮ್ಮೂರಿನವರು ಒಮಾನಿನಲ್ಲಿ ದಿನ ಎಣಿಸುವುದು ರಜೆಗಾಗಿ; ನಾನೊಬ್ಬಳು ರಜೆ ಬಾರದಿರಲಿ ಎಂದು ದೇವರಿಗೆ ದೀಪ ಹಚ್ಚಿದೆ. ಮುಂದಿನ ಬೇಸಿಗೆ ಊರಿಗೆ ಹೋಗಲಿಲ್ಲ. ಮರು ಬೇಸಿಗೆಯೂ ಹೋಗಲಿಲ್ಲ. ಲೀವ್ ಸ್ಯಾಂಕ್ಷನ್ ಆಗಿಲ್ಲ ಎಂದು ಊರಿನವರಿಗೆ ಹೇಳಿದೆ, ಇವರಿಗೆ ಮಗಳ ಟ್ಯೂಷನ್ ನೆಪ ಹೇಳಿದೆ. ನಲವತ್ತೈದು ಡಿಗ್ರಿಯ ಬಿಸಿಲಿನಲ್ಲಿ ಇಡೀ ಕಟ್ಟಡ ಖಾಲಿಯಾಗಿ ನಾವು ಮೂವರೇ ಉಳಿಯುತ್ತಿದ್ದೆವು. ಕೆಳಗಿನ ಗ್ರಾಸರಿ ಅಂಗಡಿಯ ಬ್ಯಾರಿ ಅಣ್ಣ ಉಪ್ಪಿನಂಗಡಿ ಕಡೆಯವರು. "ಈ ಸಲವೂ ಊರಿಗೆ ಹೋಗುದಿಲ್ವಾ ಅಕ್ಕ?" ಎಂದು ಪಾಪ, ಮರುಕದಿಂದ ಕೇಳುತ್ತಿದ್ದರು. ಕಂಪನಿಯವರು ಬಿಡ್ತಿಲ್ಲ ಅನ್ನುತ್ತಿದ್ದೆ. ಅವರು ನಮಗೆ ವೀಸಾ ಕೊಟ್ಟ ಕಫೀಲನಿಗೆ ಎರಡು ಮಾತು ಬೈದು ಒಂದು ಕಟ್ಟು ಕೊತ್ತಂಬರಿ ಸುಮ್ಮನೆ ಕೊಡುತ್ತಿದ್ದರು.

ಆ ಎರಡನೇ ಬೇಸಿಗೆಯಲ್ಲಿ ನನ್ನ ತಂಗಿಯ ಮದುವೆಯಿತ್ತು. ನಾನು ಹೋಗಲಿಲ್ಲ. ಒಬ್ಬಳೇ ಹೋದರೆ ಇವರೂ ಹಿಂದಿನಿಂದ ಟಿಕೆಟ್ ಮಾಡಿಸಿ ಎಲ್ಲಿ ಇಳಿಯುತ್ತಾರೋ ಎಂಬ ಹೆದರಿಕೆ. ವಿಡಿಯೋದಲ್ಲಿ ಧಾರೆ ನೋಡಿದೆ. ಯಾರೋ ಫೋನನ್ನು ಅಡ್ಡ ಹಿಡಿದುಕೊಂಡಿದ್ದರು, ತಂಗಿಯ ಮುಖಕ್ಕಿಂತ ಹೆಚ್ಚಾಗಿ ಮಂಟಪದ ಬಾಳೆಕಂಬ ಕಂಡಿತು. ಅವಳು ಇವತ್ತಿಗೂ ನನ್ನ ಜೊತೆ ಬಿಚ್ಚಿ ಮಾತಾಡುವುದಿಲ್ಲ. ಯಾಕೆ ಬರಲಿಲ್ಲವೆಂದು ಹೇಳಿಬಿಟ್ಟರೆ ಇವರ ಮಾನ ಹೋಗುತ್ತದೆ, ಹೇಳದಿದ್ದುದಕ್ಕೆ ತಂಗಿ ದೂರವಾದಳು. ಅದರ ಸಂಕಟ ನನಗೆ ಇನ್ನೂ ಆರಿಲ್ಲ.

ಎರಡು ವರ್ಷ ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳೇ ನಿಂತವು. ಜಗತ್ತೆಲ್ಲ ಅಳುತ್ತಿದ್ದಾಗ ನಾನು ಒಳಗೊಳಗೇ ನೆಮ್ಮದಿಯಾಗಿದ್ದೆ, ಇನ್ನು ಎಲ್ಲಿಗೆ ಹೋಗುತ್ತಾರೆ ನೋಡೋಣ ಎಂದು. ಇವರು ಎಲ್ಲಿಗೂ ಹೋಗಲಿಲ್ಲ. ಹಡಗೇ ಇವರ ಫೋನಿನೊಳಗೆ ಬಂತು.

ಮೊದಲು ಕಂಡುಹಿಡಿದವಳು ಮಗಳು. ಅವಳಿಗೆ ಆಗ ಹದಿನಾರು. ಇಲ್ಲಿ ಜೂಜಿನ ಸೈಟುಗಳು ತೆರೆಯುವುದಿಲ್ಲ, ಸರ್ಕಾರ ಮುಚ್ಚಿದೆ. ಅದಕ್ಕೂ ಒಂದು ಕಳ್ಳದಾರಿಯ ಆ್ಯಪ್ ಇದೆಯಂತೆ. ಧೂಳು ಕೂತ ಕಾರಿಗೆ ಹೆದರುವ ಮನುಷ್ಯ ಆ ದಾರಿ ಕಲಿತಿದ್ದರು. ಮಗಳು ನನಗೆ ತೋರಿಸಿದಳು. ಬಾಗಿಲಲ್ಲಿ ಗಾರ್ಡ್ ಇಲ್ಲ, ಪಾಸ್‌ಪೋರ್ಟ್ ಕೇಳುವವರಿಲ್ಲ. ನಿನಗೆ ಹದಿನೆಂಟು ತುಂಬಿದೆಯೇ ಎಂದು ಒಂದು ಸಾಲು ಕೇಳುತ್ತದೆ, ಹೌದು ಎಂದು ಒತ್ತಿದರೆ ಒಳಗೆ. "ಅಮ್ಮ, ಇಲ್ಲಿ ಮಕ್ಕಳ ರೂಮಿಲ್ಲ. ನಾನು ಎಲ್ಲಿಂದ ಕರೀಲಿ?" ಅಂದಳು. ತಮಾಷೆಗೆ ಹೇಳಿದ್ದಲ್ಲ.

ಒಂದು ದಾರಿ ಅವಳೇ ಹುಡುಕಿದಳು. ಇವರು ಸ್ನಾನಕ್ಕೆ ಹೋಗಿದ್ದಾಗ ಫೋನು ತೆಗೆದು, ಆ ಸೈಟಿನ ಸಹಾಯದ ಕಿಟಕಿಯಲ್ಲಿ ಬರೆದಳು: ನನಗೆ ಹದಿನಾರು ವರ್ಷ, ಈ ಖಾತೆಯಲ್ಲಿ ಆಡುತ್ತಿರುವುದು ನಾನು. ಬರೆದದ್ದನ್ನು ಅಳಿಸಿ ಫೋನು ಇದ್ದಲ್ಲೇ ಇಟ್ಟಳು. ಸಂಜೆಯೊಳಗೆ ಖಾತೆಗೆ ಬೀಗ ಬಿತ್ತು. ಇವರು ಮಂಕಾಗಿ ಮನೆಯಲ್ಲಿ ಓಡಾಡಿದರು. ಮೂರು ದಿನ ಮಗಳು ಹಾಡು ಹೇಳಿಕೊಂಡು ಪಾತ್ರೆ ತೊಳೆದಳು. ಇವರು ಮಗಳ ಜೊತೆ ಕೇರಂ ಬೋರ್ಡ್ ಹಾಕಿ ಕೂತರು. ನನಗೆ ವಿಷಯ ತಿಳಿದದ್ದೂ ಆಗಲೇ, ಅವಳು ಪಾತ್ರೆ ಒರೆಸುತ್ತ ಹೇಳಿದಾಗ. ಅಪ್ರಾಪ್ತ ವಯಸ್ಸಿನವರು ಆಡಿದ್ದು ಗೊತ್ತಾದರೆ ಮುಚ್ಚಲೇಬೇಕಂತೆ, ಅದು ಅವರ ನಿಯಮವಂತೆ. ಹದಿನೆಂಟರೊಳಗಿನವರಿಗೆಂದು ಮಾಡಿದ ಆ ನಿಯಮವನ್ನು ಅವಳು ತನ್ನ ಅಪ್ಪನ ಕಾಲಿಗೆ ಕಟ್ಟಿದ್ದಳು.

ನಾಲ್ಕನೇ ದಿನ ಇವರು ಬಾಲ್ಕನಿಯಿಂದ ಮಗಳನ್ನು ಕರೆದರು. ಬ್ಯಾಂಕಿಗೆ ಒಂದು ಫೋಟೋ ಬೇಕಿದೆ, ಮುಖದ ಪಕ್ಕ ರೆಸಿಡೆಂಟ್ ಕಾರ್ಡ್ ಹಿಡಿದುಕೊಂಡು ತೆಗೆಯಬೇಕಂತೆ, ನೀನು ತೆಗಿ ಪುಟ್ಟ ಅಂದರು. ಬ್ಯಾಂಕಿಗಲ್ಲವೆಂದು ಅವಳಿಗೆ ಗೊತ್ತಾಯಿತು. ತನಗೆ ಹದಿನೆಂಟು ದಾಟಿದೆ ಎಂದು ಇವರು ಸೈಟಿಗೆ ತೋರಿಸಬೇಕಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಗಳು ಮೊದಲನೆಯದನ್ನು ಮಸುಕಾಗಿ ತೆಗೆದಳು. ಎರಡನೆಯದರಲ್ಲಿ ಕಾರ್ಡಿನ ಅರ್ಧ ಕತ್ತರಿಸಿ ಹೋಯಿತು. ಇವರು ಬೇಸರಪಡದೆ, ಬಿಸಿಲು ಕಣ್ಣಿಗೆ ಬೀಳ್ತಿದೆಯಾ ಚಿನ್ನ, ಈ ಕಡೆ ಬಾ ಎಂದು ಅವಳ ಭುಜ ಹಿಡಿದು ನೆರಳಿಗೆ ನಿಲ್ಲಿಸಿದರು. ಮೂರನೆಯದು ಚೆನ್ನಾಗಿ ಬಂತು. ನರೆತ ಮೀಸೆ, ಕನ್ನಡಕ, ಕಾರ್ಡಿನ ಮೇಲೆ ಹುಟ್ಟಿದ ವರ್ಷ. ಥ್ಯಾಂಕ್ಸ್ ಪುಟ್ಟ ಅಂದರು. ಅವಳು ಒಳಗೆ ಬಂದು ನನ್ನ ಸೊಂಟ ಬಳಸಿ ಹಿಡಿದು ಸದ್ದಿಲ್ಲದೆ ಅತ್ತಳು. ಅಷ್ಟೆತ್ತರದ ಹುಡುಗಿ.

ಖಾತೆ ಮತ್ತೆ ತೆರೆಯಿತು. ಆಮೇಲೆ ಮೈಸೂರಿನಲ್ಲಿ ನಮ್ಮದೆಂದು ಇದ್ದ ನಿವೇಶನ ಆ ಆಟಕ್ಕೆ ಹೋಯಿತು. ಆರ್ಕಿಟೆಕ್ಚರ್ ಓದಲು ಬೆಂಗಳೂರಿಗೆ ಹೋಗಬೇಕೆಂದಿದ್ದ ಮಗಳು ಇಲ್ಲಿಯೇ ಒಂದು ಕಾಲೇಜಿಗೆ ಸೇರಿದಳು. ಯಾರ ಮೇಲೂ ದೂರು ಹೇಳಲಿಲ್ಲ, ಅಮ್ಮನ ಅಡುಗೆ ಬಿಟ್ಟು ಯಾರು ಹೋಗ್ತಾರೆ ಎಂದು ಸ್ನೇಹಿತೆಯರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಇವರು ತಪ್ಪಾಯಿತೆಂದು ಒಂದು ದಿನ ಅತ್ತರು, ಫೋನಿನಿಂದ ಅದನ್ನು ತೆಗೆದುಹಾಕಿದರು. ನಿಜವಾಗಿಯೂ ತೆಗೆದಿದ್ದರು. ಫೋನಿನ ಆಟದಲ್ಲಿ ರುಚಿಯಿಲ್ಲ ಎಂದು ಬಾಯಿಬಿಟ್ಟೇ ಹೇಳಿದರು. ವಿಮಾನಗಳು ಮತ್ತೆ ಹಾರತೊಡಗಿದ ಮೇಲೆ, ವರ್ಷಕ್ಕೆ ಎರಡು ದಿನ ಎಂಬುದು ಮತ್ತೆ ಶುರುವಾಯಿತು. ನಾನು ತಡೆಯುವುದನ್ನು ಬಿಟ್ಟಿದ್ದೆ. ಬಂಡೆಗೆ ತಲೆ ಚಚ್ಚಿಕೊಂಡರೆ ನೋಯುವುದು ನನ್ನ ತಲೆಯೇ ತಾನೆ.

ಕಳೆದ ನವೆಂಬರಿನ ರಾಷ್ಟ್ರೀಯ ದಿನದ ರಜೆಗೆ ಸ್ವಲ್ಪ ಮುಂಚೆ ಮಗಳಿಗೆ ಇಪ್ಪತ್ತೊಂದು ತುಂಬಿತು. ಪಾಯಸ ಮಾಡಿದ್ದೆ. ಊಟಕ್ಕೆ ಕೂತಾಗ ಇವರು ಮಗುವಿನ ಹಾಗೆ ಸಂಭ್ರಮಪಟ್ಟು, ಈಗ ನೀನೂ ಒಳಗೆ ಬರಬಹುದು, ನಾಲ್ಕು ದಿನ ರಜೆಯಿದೆ, ನಾನೇ ಕರಕೊಂಡು ಹೋಗಿ ತೋರಿಸ್ತೀನಿ ಅಂದರು. ಇಷ್ಟು ವರ್ಷ ನಿಯಮ ಮುರಿಯದೆ ಕಾದಿದ್ದಕ್ಕೆ ಅವಳಿಗೆ ಬಹುಮಾನ ಕೊಡುತ್ತಿದ್ದೇನೆ ಎಂಬಂತೆ. ನನ್ನ ಕೈಯಲ್ಲಿ ಸೌಟಿತ್ತು, ಅದನ್ನು ಎಲ್ಲಿಗೆ ಎಸೆಯಲಿ ಎಂದು ನೋಡುತ್ತಿದ್ದೆ. ಮಗಳು ಹೋಗೋಣ ಅಪ್ಪ ಅಂದಳು.

ಆಮೇಲೆ ಬಟ್ಟೆ ಮಡಚುತ್ತ ನನಗೆ ಹೇಳಿದಳು, ಇಷ್ಟು ದಿನ ಹೊರಗಿನಿಂದ ಕರೀತಿದ್ದೆ, ಈಗ ಪಕ್ಕದಲ್ಲೇ ಕೂತು ಕರೀತೀನಿ, ಪಕ್ಕದಲ್ಲೇ ಇದ್ದರೆ ಹೇಗೆ ಬರಲ್ಲ ಎಂದು. ನಾನು ಅವರ ಜೊತೆ ಹೋಗಲಿಲ್ಲ; ನನಗೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ, ರಜೆಯಲ್ಲೂ ಅಡ್ಮಿಷನ್ ಗಲಾಟೆ. ಅದು ನೆಪ. ನಿಜವಾಗಿ, ಅವಳಿಗೆ ನನ್ನ ಕಣ್ಣೆದುರು ಸೋಲಾಗುವುದು ಬೇಡ ಅನಿಸಿತು. ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಇವರು ಅವಳ ಸೂಟ್‌ಕೇಸನ್ನೂ ತಾವೇ ಎಳೆದುಕೊಂಡು ಹೋದರು.

ಅವರು ಮರಳಿ ಬಂದ ಮರುದಿನ ಬೆಳಗ್ಗೆ ಇವರು ಎಂದಿನಂತೆ ಘಾಲಾಕ್ಕೆ ಹೋದ ಮೇಲೆ ಮಗಳು ಅಡುಗೆಮನೆಗೆ ಬಂದು ಕೂತು, ನಾನು ಕೇಳದೆಯೇ ಎಲ್ಲ ಹೇಳಿದಳು. ಬೆಳ್ಳುಳ್ಳಿ ಸುಲಿಯುತ್ತ ಹೇಳಿದಳು.

ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿದವನು ಹುಟ್ಟುಹಬ್ಬದ ಶುಭಾಶಯ ಹೇಳಿದನಂತೆ. ಇವರು ಮೇಲೆ ಅವಳಿಗೆ ಕುರ್ಚಿ ಹಾಕಿಸಿ, ತಟ್ಟೆ ತುಂಬ ತಿಂಡಿ ತಂದುಕೊಟ್ಟು, ಇಸ್ಪೀಟ್ ಎಲೆ ಹಂಚುವ ಹುಡುಗಿಗೆ ನನ್ನ ಮಗಳು, ಇಪ್ಪತ್ತೊಂದಾಯಿತು ಎಂದು ಪರಿಚಯ ಮಾಡಿಕೊಟ್ಟರಂತೆ. ಆಟ ಶುರುವಾಯಿತು. ಅವಳು ಹೋಗೋಣ ಅಂದಳು. ಇವರು ಐದು ನಿಮಿಷ ಅಂದರು. ಮತ್ತೆ ಹೋಗೋಣ ಅಂದಳು, ತೋಳು ಹಿಡಿದು ಅಲ್ಲಾಡಿಸಿದಳು. ಇವರು ತಿರುಗಲಿಲ್ಲ. ಕೊನೆಗೆ ಅವಳು ಹೊಟ್ಟೆ ನೋವು ಅಪ್ಪ ಅಂದಳಂತೆ. ಇವರು ಎಲೆಗಳಿಂದ ಕಣ್ಣು ತೆಗೆಯದೆ ಅವಳ ಕೈ ತಟ್ಟಿ, ಕೆಳಗೆ ಮಕ್ಕಳ ರೂಮಿದೆಯಲ್ಲ ಪುಟ್ಟ, ಹೋಗಿ ಕೂತಿರು, ಬಂದೆ ಅಂದರಂತೆ.

"ಹೋದ್ಯಾ?" ಎಂದು ಕೇಳಿದೆ.

"ಹೋದೆ ಅಮ್ಮ. ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಗಾಜಿನ ಹತ್ತಿರ ನಿಂತೆ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದಿದೀರಾ ಮ್ಯಾಮ್ ಅಂತ ಅಲ್ಲಿನ ಹುಡುಗಿಯರು ಕೇಳಿದ್ರು."

ಅಲ್ಲಿಂದ ಅವಳು ಒಬ್ಬಳೇ ಹೋಟೆಲಿಗೆ ಹೋಗಿ ಮಲಗಿದಳು. ಬೆಳಗ್ಗೆ ಇವರು ಬಂದಾಗ ಕೈಯಲ್ಲಿ ಕೇಕಿನ ಡಬ್ಬಿಯಿತ್ತಂತೆ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂದು, ಚಿಕ್ಕಂದಿನ ಹೊಟ್ಟೆನೋವು, ಕಿವಿನೋವು, ತಲೆಸುತ್ತು ಎಲ್ಲವೂ ಸುಳ್ಳು, ಮೊದಲನೆಯದೊಂದು ಬಿಟ್ಟು, ಎಂದು ಹೇಳಿಬಿಟ್ಟಳು. ಅಪ್ಪ ಬೈಯಲಿ, ಕಡೇ ಪಕ್ಷ ನೊಂದುಕೊಳ್ಳಲಿ ಎಂದು ಹೇಳಿದ್ದಂತೆ.

"ಅಪ್ಪ ಏನಂದ್ರು ಗೊತ್ತಾ? ಗೊತ್ತಿತ್ತು ಪುಟ್ಟ, ಎರಡನೇ ಸಲವೇ ಗೊತ್ತಾಯ್ತು ಅಂದ್ರು. ಮತ್ತೆ ಯಾಕೆ ಬರ್ತಿದ್ರಿ ಅಂದೆ. ನೀನು ಕರೀತಿದ್ದೆಯಲ್ಲ ಅಂದ್ರು. ನಿನ್ನೆನೂ ಕರೆದೆ ಅಪ್ಪ ಅಂದೆ."

ಅವಳು ಸುಲಿದ ಬೆಳ್ಳುಳ್ಳಿಯನ್ನು ತಟ್ಟೆಯ ಒಂದು ಕಡೆಗೆ ಒತ್ತರಿಸಿದಳು. ಇವರು ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ದಾರ ಬಿಚ್ಚಿ ಮತ್ತೆ ಕಟ್ಟಿದರಂತೆ. ಆಮೇಲೆ, ಆಗ ನೀನು ಚಿಕ್ಕವಳಿದ್ದೆ ಅಂದರಂತೆ. ಅಷ್ಟೇ.

ನಾನು ಒಲೆ ಆರಿಸಿ ಅವಳ ಪಕ್ಕ ನೆಲದ ಮೇಲೆ ಕೂತೆ. ನನಗೆ ಇವರ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಬರೀ ದುಃಖವಾಯಿತು, ಇವರಿಗಾಗಿಯೂ ಅವಳಿಗಾಗಿಯೂ.

"ಇನ್ನು ಮೇಲೆ ನೀನು ಕರಿ ಅಮ್ಮ. ನನ್ನ ಕೈಲಿ ಆಗಲ್ಲ," ಎಂದಳು ಮಗಳು.

ಆಯ್ತು ಅಂದೆ. ಅವಳು ಹುಟ್ಟುವ ಮುಂಚಿನಿಂದಲೂ ನಾನು ಯಾವುದಕ್ಕೆ ಕರೆದರೂ ಇವರು ಎದ್ದು ಬಂದವರಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.